ಐರ್ಲೆಂಡಿನಲ್ಲಿ ಬಿರುಗಾಳಿ, ಆರು ದಿನ ಕರೆಂಟ್ ಇಲ್ಲ: ಅಮ್ಮ ಬರುವ ಮೊದಲು ಮನೆಯಲ್ಲಿ ಏನೇನು ಇರಬೇಕು?

ಮೂಡಿಗೆರೆ ಮಗಳು:
ಎಲ್ಲರಿಗೂ ನಮಸ್ಕಾರ. ನಮ್ಮದು ಮೂಡಿಗೆರೆ ತಾಲ್ಲೂಕು. ಐರ್ಲೆಂಡಿಗೆ ಬಂದು ಐದು ವರ್ಷ ಆಯ್ತು. ಪಶ್ಚಿಮ ಕರಾವಳಿಯ ಗಾಲ್ವೇ ಕೌಂಟಿಯ ಒಂದು ಹಳ್ಳಿಯಲ್ಲಿ ಬಾಡಿಗೆ ಮನೆ, ಆಸ್ಪತ್ರೆಯಲ್ಲಿ ನರ್ಸ್ ಕೆಲಸ. ಈ ಚಳಿಗಾಲಕ್ಕೆ ಅಮ್ಮ ಮೊದಲ ಸಲ ಇಲ್ಲಿಗೆ ಬರುತ್ತಿದ್ದಾರೆ. ಡಿಸೆಂಬರ್ ಕೊನೆಗೆ ಬಂದರೆ ಮೂರು ತಿಂಗಳಿಗೆ ಸ್ವಲ್ಪ ಕಡಿಮೆ ಇರುತ್ತಾರೆ. ತೋಟ ಅಣ್ಣ ನೋಡಿಕೊಳ್ಳುತ್ತಾನೆ. ಖುಷಿ ಇದೆ, ಆದರೆ ಭಯ ಅದಕ್ಕಿಂತ ಜಾಸ್ತಿ ಇದೆ.

2025ರ ಜನವರಿ 24, ಶುಕ್ರವಾರ, ಏಯೋವಿನ್ ಅನ್ನುವ ಬಿರುಗಾಳಿ ಬಂತು. ಬೆಳಗಿನ ಜಾವ ನಮ್ಮ ಕೌಂಟಿಯ ಮೇಸ್ ಹೆಡ್‌ನಲ್ಲಿ ಗಂಟೆಗೆ 183 ಕಿ.ಮೀ. ವೇಗದ ಗಾಳಿ ಬೀಸಿತು. 1945ರಿಂದ ಇದ್ದ ದಾಖಲೆ ಮುರಿಯಿತು. ದೇಶದಲ್ಲಿ 7,68,000 ಮನೆ, ಅಂಗಡಿ, ಫಾರ್ಮ್‌ಗಳಿಗೆ ಕರೆಂಟ್ ಹೋಯ್ತು. ನಮ್ಮ ಮನೆಗೆ ವಾಪಸ್ ಬಂದಿದ್ದು ಏಳನೇ ದಿನ.

ಮಲೆನಾಡಲ್ಲಿ ಹುಟ್ಟಿದವಳಿಗೆ ಕರೆಂಟ್ ಹೋಗೋದು ಹೊಸದಾ ಅಂತ ಕೇಳಬಹುದು. ನಾನೂ ಮೊದಲ ದಿನ ಹಾಗೇ ಧೈರ್ಯವಾಗಿದ್ದೆ. ಆದರೆ ಇಲ್ಲಿ ಹಳ್ಳಿ ಮನೆಗೆ ಕರೆಂಟ್ ಹೋದರೆ ನೀರೂ ಹೋಗುತ್ತೆ. ಬಾವಿಯಿಂದ ಪಂಪ್‌ನಲ್ಲಿ ನೇರ ನಲ್ಲಿಗೆ ಬರುತ್ತೆ. ನಮ್ಮ ಮನೆಯಲ್ಲಿ ಮೇಲಿನ ಟ್ಯಾಂಕ್ ಚಿಕ್ಕದು, ಒಂದೇ ದಿನಕ್ಕೆ ಖಾಲಿ. ಮನೆ ಬಿಸಿ ಮಾಡೋಕೆ ಹಿತ್ತಲಲ್ಲಿ ಸೀಮೆಎಣ್ಣೆ ಟ್ಯಾಂಕ್ ತುಂಬಿ ನಿಂತಿತ್ತು. ಅದನ್ನು ಹೊತ್ತಿಸುವ ಬಾಯ್ಲರ್‌ಗೂ ಕರೆಂಟೇ ಬೇಕು. ಒಲೆ ಇಂಡಕ್ಷನ್. ಬೆಳಗ್ಗೆ ಎಂಟೂವರೆವರೆಗೆ ಕತ್ತಲು, ಸಂಜೆ ಐದಕ್ಕೆ ಮತ್ತೆ ಕತ್ತಲು. ಹೊರಗೆ ಡ್ರಮ್ಮಿನಲ್ಲಿ ನಿಂತಿದ್ದ ಮಳೆನೀರನ್ನು ಬಕೆಟ್‌ನಲ್ಲಿ ತಂದು ಟಾಯ್ಲೆಟ್‌ಗೆ ಹಾಕಿದೆವು. ಮಗಳಿಗೆ ನಾಲ್ಕು ವರ್ಷ. ಅವಳ ಬೆರಳು ಹಿಡಿದರೆ ಮಂಜುಗಡ್ಡೆ ಹಿಡಿದ ಹಾಗೆ ಇರುತ್ತಿತ್ತು.

ಮಧ್ಯಾಹ್ನದ ಹೊತ್ತಿಗೆ ಮೊಬೈಲ್ ಸಿಗ್ನಲ್ ಕೂಡ ಹೋಯ್ತು. ಎರಡು ದಿನ ಊರಿಗೆ ಮಾತಾಡಲು ಆಗಲಿಲ್ಲ. ಅಲ್ಲಿ ಅಮ್ಮ ಟಿವಿಯಲ್ಲಿ ಮರ ಬೀಳೋದು, ಸಮುದ್ರ ಉಕ್ಕೋದು ನೋಡುತ್ತಾ ಕೂತಿದ್ದರು. ಕಣದಲ್ಲಿ ಕಾಫಿ ಹರಡಿತ್ತು, ಎರಡು ದಿನ ತಿರುವಲೇ ಇಲ್ಲ ಅಂತ ಆಮೇಲೆ ಅಣ್ಣ ಹೇಳಿದ. ಅದು ನನಗೆ ಇವತ್ತಿಗೂ ಸಂಕಟ.

ಅಮ್ಮನಿಗೆ 66. ಸ್ವಲ್ಪ ಉಬ್ಬಸ ಇದೆ. ಈ ಸಲ ಅಂಥದ್ದೇ ಗಾಳಿ ಬಂದರೆ ಮನೆಯಲ್ಲಿ ಏನೇನು ಇರಬೇಕು? ಊರಿಗೆ ಸುದ್ದಿ ಮುಟ್ಟಿಸೋಕೆ ಏನು ಮಾಡ್ತೀರಿ? ದ್ವೀಪಗಳಲ್ಲಿ ಇರುವ ನಮ್ಮ ಕಡೆಯವರು ದಯವಿಟ್ಟು ಹೇಳಿ. ಊರಲ್ಲಿ ಇರುವವರೂ ಹೇಳಿ, ಮಳೆಗಾಲ ಕಳೆಯೋದು ನಿಮಗೆ ನಮಗಿಂತ ಚೆನ್ನಾಗಿ ಗೊತ್ತು.

ಬಾಳೂರು ಕಾಫಿ:
ತಂಗಿ, ನೀನು ಬರೆದಿದ್ದು ಓದಿ ಹೊಟ್ಟೆ ಚುರ್ ಅಂತು. ನಿಮ್ಮ ಅಜ್ಜಿ ಮೇ ತಿಂಗಳಲ್ಲಿ ಏನು ಮಾಡುತ್ತಿದ್ದರು ನೆನಪು ಮಾಡಿಕೊ. ಕೊಟ್ಟಿಗೆ ಪಕ್ಕ ಸೌದೆ ಒಟ್ಟುತ್ತಿದ್ದರು. ಹಪ್ಪಳ, ಸಂಡಿಗೆ, ಉಪ್ಪಲ್ಲಿ ಹಾಕಿದ ಹಲಸಿನ ಸೊಳೆ, ಒಣಮೀನು, ಉಪ್ಪಿನಕಾಯಿ ಎಲ್ಲ ಅಟ್ಟ ಸೇರುತ್ತಿತ್ತು. ಆರಿದ್ರಾ ಹಿಡಿದರೆ ಪೇಟೆಗೆ ಹೋಗುವ ಮಾತೇ ಇಲ್ಲ. ಆ ಮನೆಗೆ ಕರೆಂಟ್ ಇದ್ದರೂ ನಡೆಯುತ್ತಿತ್ತು, ಇಲ್ಲದಿದ್ದರೂ ನಡೆಯುತ್ತಿತ್ತು. ನಿನ್ನ ಈಗಿನ ಮನೆ ಒಂದೇ ತಂತಿಯಲ್ಲಿ ನೇತಾಡುತ್ತಿದೆ. ಮೊದಲು ಕರೆಂಟ್ ಬೇಡದ ಒಂದು ಒಲೆ, ಕರೆಂಟ್ ಬೇಡದ ನೀರು, ಇವೆರಡು ಮಾಡಿಕೊ. ಉಳಿದದ್ದು ಆಮೇಲೆ.

ಹಾಸನ ಡಬ್ಲಿನ್:
ನಾನು ಡಬ್ಲಿನ್‌ನಲ್ಲಿದ್ದೇನೆ, ಎಂಟು ವರ್ಷ ಆಯ್ತು. ಒಂದು ಮಾತು ಹೇಳಲೇಬೇಕು. ಏಯೋವಿನ್ ಹೇಳದೆ ಕೇಳದೆ ಬಂದ ಗಾಳಿ ಅಲ್ಲ. ಎರಡು ಮೂರು ದಿನ ಮುಂಚೆಯೇ ಹವಾಮಾನದವರು ಹೇಳಿದ್ದರು. ಇಡೀ ದ್ವೀಪಕ್ಕೆ ರೆಡ್ ವಾರ್ನಿಂಗ್ ಕೊಟ್ಟಿದ್ದರು. ಶಾಲೆ ಬಂದ್, ಬಸ್ ಬಂದ್. ನಮ್ಮವರು ಎಷ್ಟೋ ಜನ ಅದನ್ನು ಕೇಳಿ ಸುಮ್ನೆ ಹಾಲು ಬ್ರೆಡ್ ತಂದು ಮಲಗಿದರು. ಫೋನ್ ಚಾರ್ಜ್ ಮಾಡಿರಲಿಲ್ಲ, ನೀರು ತುಂಬಿರಲಿಲ್ಲ. ತಪ್ಪು ಗಾಳಿಯದ್ದು ಮಾತ್ರ ಅಲ್ಲ.

ಮೂಡಿಗೆರೆ ಮಗಳು:
ಅಣ್ಣ, ಗಾಳಿ ಬರುತ್ತೆ ಅಂತ ಗೊತ್ತಿತ್ತು, ಒಪ್ಪಿದೆ. ಬಕೆಟ್ ತುಂಬಿದ್ದೆ, ಫೋನೂ ಚಾರ್ಜ್ ಮಾಡಿದ್ದೆ. ಒಂದು ರಾತ್ರಿಗೆ ತಯಾರಾಗಿದ್ದೆ. ಆರು ದಿನಕ್ಕೆ ಯಾರೂ ತಯಾರಿರಲಿಲ್ಲ. ಐವತ್ತು ವರ್ಷದಿಂದ ಇದೇ ಹಳ್ಳಿಯಲ್ಲಿರುವ ಪಕ್ಕದ ಮನೆ ಅಜ್ಜನೂ ಇಷ್ಟು ದಿನ ಹೋಗಿದ್ದು ನೋಡಿಲ್ಲ ಅಂದರು. ಕೆಲವು ಊರಿಗೆ ಎರಡು ವಾರ ದಾಟಿತು. ಡಬ್ಲಿನ್‌ನಲ್ಲಿ ನಿಮಗೆ ಎಷ್ಟು ಹೊತ್ತು ಹೋಗಿತ್ತು?

ಹಾಸನ ಡಬ್ಲಿನ್:
ನಮಗೆ ನಾಲ್ಕು ಗಂಟೆ. ಸರಿ ತಂಗಿ, ನಿನ್ನ ಮಾತು ನ್ಯಾಯ. ಪೇಟೆಯಲ್ಲಿ ಕೂತು ಹೇಳೋದು ಸುಲಭ.

ಆಲೂರು ಮೇಷ್ಟ್ರು:
ರೆಡ್ ಅಲರ್ಟ್ ಅಂದ ಕೂಡಲೇ ಎರಡೂ ಕಡೆ ಒಂದೇ ಅಂತ ತಿಳಿಯಬೇಡಿ. ನಮ್ಮಲ್ಲಿ ಮಳೆಗಾಲದ ಬಣ್ಣಗಳನ್ನು ಮುಖ್ಯವಾಗಿ ಮಳೆ ಲೆಕ್ಕದಲ್ಲಿ ನೋಡುತ್ತಾರೆ. 24 ಗಂಟೆಯಲ್ಲಿ 204.4 ಮಿ.ಮೀ. ದಾಟಿದರೆ ಅದು ಅತಿ ಹೆಚ್ಚಿನ ಮಳೆ. ಅಲ್ಲಿ ಆವತ್ತು ಕೊಟ್ಟಿದ್ದು ಗಾಳಿಯ ರೆಡ್. ಗಂಟೆಗೆ 130 ಕಿ.ಮೀ. ದಾಟುವ ಗಾಳಿಗೆ ಕೊಡುತ್ತಾರೆ. ಚಿಕ್ಕಮಗಳೂರಿಗೆ ರೆಡ್ ಅಂದರೆ ಮಕ್ಕಳಿಗೆ ರಜೆ ಸಿಗುತ್ತಾ ಅಂತ ಕೇಳುತ್ತೇವೆ. ಅಲ್ಲಿ ಗಾಳಿಯ ರೆಡ್ ಅಂದರೆ ಮನೆಯಿಂದ ಹೊರಗೆ ಕಾಲಿಡಬಾರದು ಅಂತ. ಊರಲ್ಲಿರುವ ಅಪ್ಪ ಅಮ್ಮಂದಿರಿಗೆ ಇದನ್ನು ಮೊದಲೇ ತಿಳಿಸಿ ಹೇಳಿದರೆ ಅರ್ಧ ಗಾಬರಿ ಕಡಿಮೆ ಆಗುತ್ತೆ.

ಬಾಳೂರು ಕಾಫಿ:
ಮೇಷ್ಟ್ರೇ, ತಿಳಿಸಿ ಹೇಳಿದರೆ ಗಾಬರಿ ಜಾಸ್ತಿ ಆಗುತ್ತೆ ಅಂತ ನನಗೆ ಅನಿಸುತ್ತೆ.

ಸಕಲೇಶಪುರ ಘಾಟಿ:
ಚಳಿಗೆ ಸುಲಭ ದಾರಿ ಇದೆ. ಒಂದು ಕಬ್ಬಿಣದ ಬಾಣಲೆಯಲ್ಲಿ ಇದ್ದಿಲು ಕೆಂಡ ಮಾಡಿ ರೂಮಿನ ಮಧ್ಯ ಇಡಿ. ನಮ್ಮ ತೋಟದ ಲೈನ್ ಮನೆಯಲ್ಲಿ ಜುಲೈ ಪೂರ್ತಿ ಹೀಗೇ ಕಾಯಿಸಿಕೊಳ್ಳುತ್ತಾರೆ. ಬಾಣಂತಿ ಮನೆಯಲ್ಲೂ ಅಗ್ಗಿಷ್ಟಿಕೆ ಇಡುತ್ತಿದ್ದೆವು, ಅಲ್ವಾ? ಇಲ್ಲಿಂದ ಸಣ್ಣ ಅಗ್ಗಿಷ್ಟಿಕೆ ಕಳಿಸಿದರೂ ಆಯ್ತು.

ಅರಕಲಗೂಡು ಸಿಸ್ಟರ್:
ಘಾಟಿ ಅಣ್ಣ, ದಯವಿಟ್ಟು ಈ ಸಲಹೆ ವಾಪಸ್ ತಗೊಳ್ಳಿ. ನಾನೂ ನರ್ಸ್, ಕಾರ್ಕ್‌ನಲ್ಲಿ ಕೆಲಸ. ನಮ್ಮ ಹೆಂಚಿನ ಮನೆಗೂ ಇಲ್ಲಿನ ಮನೆಗೂ ಸಂಬಂಧವೇ ಇಲ್ಲ. ಊರಲ್ಲಿ ಹೆಂಚಿನ ಸಂದಿಯಲ್ಲಿ ಹೊಗೆ ಹೋಗುತ್ತೆ, ಗಾಳಿ ಬರುತ್ತೆ. ಇಲ್ಲಿ ಬಿಸಿ ಹೊರಗೆ ಹೋಗಬಾರದು ಅಂತ ಕಿಟಕಿ ಬಾಗಿಲು ಗಾಳಿ ಆಡದ ಹಾಗೆ ಮುಚ್ಚಿರುತ್ತಾರೆ. ಒಳಗೆ ಕೆಂಡ ಇಟ್ಟರೆ ಕಾರ್ಬನ್ ಮೊನಾಕ್ಸೈಡ್ ತುಂಬುತ್ತೆ. ಅದಕ್ಕೆ ವಾಸನೆ ಇಲ್ಲ, ಬಣ್ಣ ಇಲ್ಲ. ಮೊದಲು ತಲೆನೋವು, ವಾಕರಿಕೆ, ಮಂಪರು. ಜ್ವರ ಬಂತೇನೋ ಅಂತ ಮಲಗಿದವರು ಏಳುವುದಿಲ್ಲ. ಹೊರಗೆ ಬಾರ್ಬೆಕ್ಯೂ ಮಾಡುವ ಒಲೆ, ಟೆಂಟಿಗೆ ಒಯ್ಯುವ ಗ್ಯಾಸ್ ಸ್ಟೌ, ಜನರೇಟರ್ ಯಾವುದನ್ನೂ ಒಳಗೆ ಹಚ್ಚಬಾರದು. ಅದಕ್ಕೆ ಅಂತಲೇ ಬ್ಯಾಟರಿ ಅಲಾರಂ ಸಿಗುತ್ತೆ. ತಂಗಿ, ಅಮ್ಮ ಮಲಗುವ ರೂಮಿಗೂ ಒಂದು ಹಾಕು. ಉಬ್ಬಸ ಇರುವವರಿಗೆ ಹೊಗೆಯೇ ಆಗಲ್ಲ.

ಸಕಲೇಶಪುರ ಘಾಟಿ:
ಇದು ನನಗೆ ಗೊತ್ತಿರಲಿಲ್ಲ ಸಿಸ್ಟರ್. ಮೇಲೆ ಬರೆದದ್ದನ್ನು ಯಾರೂ ಮಾಡಬೇಡಿ. ನಮ್ಮ ಹೊಸ ಆರ್‌ಸಿಸಿ ಮನೆಯಲ್ಲೂ ಚಳಿಗೆ ಕೆಂಡ ಇಡುತ್ತಾರೆ, ಇವತ್ತೇ ಅವರಿಗೂ ಹೇಳ್ತೀನಿ.

ಬೇಲೂರು ಬಹ್ರೇನ್:
ನಮ್ಮ ದ್ವೀಪದ ಕತೆ ಬೇರೆ. ಬಹ್ರೇನ್‌ನಲ್ಲಿ ವರ್ಷಕ್ಕೆಲ್ಲ ಸೇರಿ 70–80 ಮಿ.ಮೀ. ಮಳೆ. ಮೂಡಿಗೆರೆಯಲ್ಲಿ ಆಷಾಢದ ಒಂದು ಜೋರು ದಿನಕ್ಕೆ ಅಷ್ಟು ಬೀಳುತ್ತೆ. 2024ರ ಏಪ್ರಿಲ್ 16ರಂದು ಕೊಲ್ಲಿಯಲ್ಲಿ ಮಳೆ ಸುರಿಯಿತಲ್ಲ, ದುಬೈ ಏರ್‌ಪೋರ್ಟ್ ಕೆರೆ ಆಗಿತ್ತಲ್ಲ, ಆವತ್ತು ನಮ್ಮಲ್ಲೂ ಹುಯ್ದಿತು. ಎಮಿರೇಟ್ಸ್‌ನ ಖತ್ಮ್ ಅಲ್ ಶಕ್ಲಾದಲ್ಲಿ ಒಂದು ದಿನದೊಳಗೆ 254.8 ಮಿ.ಮೀ. ಬಿತ್ತು. ಅಲ್ಲಿ 1949ರಿಂದ ಲೆಕ್ಕ ಇಡುತ್ತಿದ್ದಾರೆ, ಅಷ್ಟು ಮಳೆ ಕಂಡಿರಲಿಲ್ಲ.

ಇಲ್ಲಿನ ನೆಲ ಚಪ್ಪಟೆ. ನಮ್ಮೂರ ಹಾಗೆ ನೀರು ಇಳಿಜಾರು ಹುಡುಕಿ ಹಳ್ಳ ಸೇರುವುದಿಲ್ಲ. ಬಿದ್ದಲ್ಲೇ ನಿಲ್ಲುತ್ತೆ. ಟ್ಯಾಂಕರ್ ಲಾರಿ ತಂದು ರಸ್ತೆಯ ನೀರು ಹೀರಿಕೊಂಡು ಹೋಗುತ್ತಾರೆ. ನಮ್ಮ ರಸ್ತೆಯಲ್ಲಿ ಮೂರು ದಿನ ನೀರು ನಿಂತಿತ್ತು. ಮಳೆ ಅಂದರೆ ಏನು ಅಂತ ಗೊತ್ತಿರುವ ಬೇಲೂರಿನವನಾಗಿ ನಾನು ಧೈರ್ಯದಿಂದ ಕಾರು ಇಳಿಸಿದೆ, ಎಂಜಿನ್‌ಗೆ ನೀರು ಹೋಯ್ತು. ನಿಂತ ನೀರಿಗೆ ಕಾರು ಇಳಿಸಬೇಡಿ. ಎಷ್ಟು ಆಳ ಅಂತ ಮೇಲಿಂದ ಕಾಣೋದಿಲ್ಲ.

ಕಡೂರು ಬಯಲು:
ನೀವೆಲ್ಲ ಮಳೆ ಜಾಸ್ತಿ ಅಂತ ಅಳ್ತೀರಿ. ನಮ್ಮ ಕಡೂರು ಇದೇ ಚಿಕ್ಕಮಗಳೂರು ಜಿಲ್ಲೆ. ಮೂಡಿಗೆರೆಗೆ ಬೀಳುವ ಮಳೆಯಲ್ಲಿ ನಮಗೆ ಕಾಲು ಭಾಗ ಬಂದರೆ ಪುಣ್ಯ. ಗಿರಿ ಸಾಲು ಮೋಡ ತಡೆಯುತ್ತೆ, ನಮಗೆ ಬರೀ ಗಾಳಿ. ತೆಂಗು ಒಣಗುತ್ತಿದೆ.

ಬಾಳೂರು ಕಾಫಿ:
ನಿಮ್ಮ ಕಷ್ಟ ನಿಜ ಗೌಡ್ರೇ. ಆದರೆ ನಮಗೆ ಮಳೆ ಬೇಡದಾಗ ಬಂದರೂ ಕಷ್ಟವೇ. 2021ರ ಜನವರಿಯಲ್ಲಿ ಕುಯ್ಲಿನ ಮಧ್ಯೆ ಹುಯ್ದು ಕಣದಲ್ಲಿದ್ದ ಕಾಫಿ ಕಪ್ಪಾಯ್ತು, ಗಿಡದಲ್ಲಿದ್ದ ಹಣ್ಣು ಉದುರಿತು. ಹೂಮಳೆ ಮಾರ್ಚ್‌ನಲ್ಲಿ ಬೇಕು, ಜನವರಿಯಲ್ಲಿ ಬಂದರೆ ಹಣ್ಣು ಇರುವಾಗಲೇ ಹೂ ಬರುತ್ತೆ. ಆ ಗಿಡದಲ್ಲಿ ಹೇಗೆ ಕುಯ್ಯೋದು ಹೇಳಿ.

ಆಲೂರು ಮೇಷ್ಟ್ರು:
ವಿಷಯ ಐರ್ಲೆಂಡಿನಿಂದ ಕಾಫಿ ಕಣಕ್ಕೆ ಬಂತು. ಆ ಹುಡುಗಿಗೆ ಉತ್ತರ ಕೊಡೋಣ.

ಲೈನ್ ಕೆಲಸದವನು:
ಸಕಲೇಶಪುರ ಕಡೆ 31 ವರ್ಷ ಕಂಬ ಹತ್ತಿದ್ದೇನೆ. ಈಗ ರಿಟೈರ್ಡ್. ಆರು ದಿನ ಯಾಕೆ ಬೇಕಾಯ್ತು ಅಂತ ಎಲ್ಲರೂ ಬೈತಾರೆ, ಅದಕ್ಕೆ ಹೇಳ್ತೀನಿ.

ಮೊದಲು ದೊಡ್ಡ ಲೈನ್ ಸರಿ ಮಾಡಬೇಕು. ಆಮೇಲೆ ಫೀಡರ್, ಆಮೇಲೆ ಟಿಸಿ ಅಂದರೆ ಟ್ರಾನ್ಸ್‌ಫಾರ್ಮರ್, ಕೊನೆಗೆ ಒಂದೊಂದು ಮನೆ. ಕೊನೆಯ ಮನೆಗಳಿಗೇ ಜಾಸ್ತಿ ದಿನ ಹಿಡಿಯುತ್ತೆ. ಒಂದು ಕಡೆ ಮರ ತೆಗೆದು ಚಾರ್ಜ್ ಮಾಡಿದರೆ ಮುಂದೆ ಇನ್ನೆರಡು ಕಡೆ ಬಿದ್ದಿರುತ್ತೆ. ನಮ್ಮಲ್ಲಿ ತೋಟದ ಸಿಲ್ವರ್ ಮರ ಗಾಳಿಗೆ ಮುರಿಯುತ್ತೆ. ಐರ್ಲೆಂಡಿನಲ್ಲಿ ಸ್ಪ್ರೂಸ್ ಅನ್ನುವ ಮರ ಎಕರೆಗಟ್ಟಲೆ ಸಾಲಾಗಿ ನೆಟ್ಟಿದ್ದಾರೆ. ಬೇರು ಆಳಕ್ಕೆ ಹೋಗಲ್ಲ, ಒದ್ದೆ ನೆಲ. ಅವು ಲೈನ್ ಮೇಲೆ ಸಾಲಾಗಿ ಮಲಗಿದ ಫೋಟೋ ನೋಡಿದೆ. ಫಿನ್ಲೆಂಡ್, ಆಸ್ಟ್ರಿಯಾದಿಂದೆಲ್ಲ ಲೈನ್‌ಮನ್‌ಗಳು ಹೋಗಿದ್ದರು. ಆ ಚಳಿಯಲ್ಲಿ ಕಂಬದ ಮೇಲೆ ನಿಂತ ಹುಡುಗರಿಗೆ ನನ್ನ ನಮಸ್ಕಾರ.

ಇನ್ನೊಂದು ಮಾತು, ಇದನ್ನು ಮಾತ್ರ ಮರೆಯಬೇಡಿ. ಜನರೇಟರ್ ತಂದು ಅದರ ವೈರನ್ನು ಮನೆಯ ಸಾಕೆಟ್‌ಗೆ ಚುಚ್ಚಿ ಇಡೀ ಮನೆಗೆ ಲೈಟ್ ಮಾಡಿಕೊಳ್ಳುವವರು ಇದ್ದಾರೆ. ಆ ಕರೆಂಟ್ ಹಿಂದಕ್ಕೆ ಹೋಗಿ ಟಿಸಿ ದಾಟಿದರೆ ಲೈನಿನಲ್ಲಿ 11,000 ವೋಲ್ಟ್ ಆಗುತ್ತೆ. ಲೈನ್ ಆಫ್ ಇದೆ ಅಂತ ಕೈ ಹಾಕಿದವನು ಸಾಯುತ್ತಾನೆ. ನನ್ನ ಜೊತೆಗಾರ ಒಬ್ಬ ಹೀಗೇ ಹೋಗಬೇಕಿತ್ತು, ಕೈಯಲ್ಲಿ ಗ್ಲೌಸ್ ಇತ್ತು, ಉಳಿದ. ಜನರೇಟರ್ ಹೊರಗೆ ಇಡಿ, ಬೇಕಾದ ಸಾಮಾನನ್ನು ನೇರ ಅದಕ್ಕೇ ಜೋಡಿಸಿ. ಇಲ್ಲವೇ ಎಲೆಕ್ಟ್ರಿಷಿಯನ್ ಕರೆಸಿ ಚೇಂಜ್ ಓವರ್ ಸ್ವಿಚ್ ಹಾಕಿಸಿ. ಬಿದ್ದ ತಂತಿ ಹತ್ತಿರ ಹೋಗಬೇಡಿ, ಅದು ಸತ್ತಿದೆ ಅಂತ ಯಾರು ಹೇಳಿದರೂ ನಂಬಬೇಡಿ.

ಮೂಡಿಗೆರೆ ಮಗಳು:
ಅಣ್ಣ, ಆರನೇ ದಿನ ಸಂಜೆ ನಮ್ಮ ರಸ್ತೆಗೆ ಹಳದಿ ಕೋಟಿನ ನಾಲ್ಕು ಜನ ಬಂದರು. ಪಕ್ಕದ ಮನೆ ಅಜ್ಜ ಗೇಟಿನ ಹತ್ತಿರ ಟೀ ಹಿಡಿದು ನಿಂತಿದ್ದರು. ನಾನು ಚಕ್ಕುಲಿ ಡಬ್ಬ ಹಿಡಿದು ಹೋದೆ. ನಿಮ್ಮ ಮಾತು ಓದಿ ಅವರ ಮುಖ ನೆನಪಾಯ್ತು.

ಮಾರಿಷಸ್ ಅರಸೀಕೆರೆ:
ಹನ್ನೊಂದು ವರ್ಷದಿಂದ ಮಾರಿಷಸ್‌ನಲ್ಲಿದ್ದೇನೆ. ನವೆಂಬರ್‌ನಿಂದ ಮೇ ಮಧ್ಯದವರೆಗೆ ನಮಗೆ ಚಂಡಮಾರುತದ ಕಾಲ. ಇಲ್ಲಿ ಕ್ಲಾಸ್ 1ರಿಂದ 4ರವರೆಗೆ ಎಚ್ಚರಿಕೆ ಕೊಡುತ್ತಾರೆ. ಕ್ಲಾಸ್ 3 ಬಂದರೆ ಎಲ್ಲರೂ ಮನೆಗೆ. 120 ಕಿ.ಮೀ. ಗಾಳಿ ಬೀಸಿದಾಗ 4. ಕ್ಲಾಸ್ 1 ಅಂದ ಕೂಡಲೇ ನಮ್ಮ ಮನೆಯಲ್ಲಿ ಪಾತ್ರೆ, ಕೊಡ, ಬಕೆಟ್, ಸ್ನಾನದ ತೊಟ್ಟಿ ಎಲ್ಲ ತುಂಬುತ್ತೆ. ಹೊರಗಿನ ಕುರ್ಚಿ, ಹೂಕುಂಡ ಒಳಗೆ ಬರುತ್ತೆ. ಬ್ಯಾಟರಿ ರೇಡಿಯೋ ಇರಲೇಬೇಕು. ಇಂಟರ್ನೆಟ್ ಹೋದ ಮೇಲೆ ಸುದ್ದಿ ಕೊಡೋದು ರೇಡಿಯೋ ಒಂದೇ.

1960ರಲ್ಲಿ ಕ್ಯಾರೊಲ್ ಅನ್ನುವ ಚಂಡಮಾರುತ ಬಂದು ಮರದ ಮನೆ, ತಗಡಿನ ಮನೆಗಳು ಹಾರಿಹೋದವು. ಆಮೇಲೆ ಇಲ್ಲಿನವರು ಕಾಂಕ್ರೀಟ್ ಮನೆ ಕಟ್ಟಲು ಶುರು ಮಾಡಿದರು. ಹಾಗಾಗಿ ಗಾಳಿಗೆ ಈಗ ಅಷ್ಟು ಹೆದರೋದಿಲ್ಲ, ನೀರಿಗೆ ಹೆದರುತ್ತೇವೆ. 2024ರ ಜನವರಿ 15ರಂದು ಬೆಲಾಲ್ ಬಂದಾಗ ಬೆಳಗ್ಗೆ ಎಂದಿನ ಹಾಗೆ ಕೆಲಸಕ್ಕೆ ಹೋದವರು ಪೋರ್ಟ್ ಲೂಯಿಯಲ್ಲಿ ಸಿಕ್ಕಿಕೊಂಡರು. ರಸ್ತೆಯಲ್ಲಿ ಕಾರುಗಳು ತೇಲಿದವು. ನಾನು ಆವತ್ತು ಆಫೀಸ್ ಮೆಟ್ಟಿಲ ಮೇಲೆ ನಿಂತಿದ್ದೆ. ಕೆಳಗೆ ನೀರು ಒಂದೊಂದೇ ಮೆಟ್ಟಿಲು ಹತ್ತುತ್ತಿತ್ತು. ಯಾರು ಹೋಗಿ ಅಂದರೂ ಬಾ ಅಂದರೂ, ಮೋಡ ನೋಡಿ ನಿಮಗೆ ಸರಿ ಅನಿಸದಿದ್ದರೆ ಹೊರಡಬೇಡಿ.

ತರೀಕೆರೆ ತಿಪ್ಪೇಶಿ:
ಇಷ್ಟೆಲ್ಲ ಕಷ್ಟ ಯಾಕೆ? ಊರಿಗೆ ಬಂದುಬಿಡಿ. ಇಲ್ಲಿ ತೋಟ ಇದೆ, ಮನೆ ಇದೆ. ಅಮ್ಮನೂ ಆ ಚಳಿಗೆ ಬರಬೇಕಾಗಿಲ್ಲ.

ಅರಕಲಗೂಡು ಸಿಸ್ಟರ್:
ಊರಲ್ಲಿ ಏನೂ ಆಗೋದಿಲ್ವಾ? 2019ರ ಆಗಸ್ಟ್‌ನಲ್ಲಿ ಚಾರ್ಮಾಡಿ ರಸ್ತೆ ಕುಸಿಯಿತು. 2024ರ ಜುಲೈ 26ರಂದು ಎಡಕುಮೇರಿ ಮತ್ತು ಕಡಗರವಳ್ಳಿ ನಡುವೆ ಹಳಿ ಕೆಳಗಿನ ಮಣ್ಣೇ ಜಾರಿ ರೈಲು ನಿಂತವು. ಅದೇ ತಿಂಗಳು ಶಿರಾಡಿಯಲ್ಲೂ ಗುಡ್ಡ ಜರಿಯಿತು. ಆಗ ನಾನು ಕಾರ್ಕ್‌ನಲ್ಲಿ ಕೂತು ಅಪ್ಪನ ಫೋನ್‌ಗೆ ಕಾದಿದ್ದೇನೆ. ಅಲ್ಲಿನ ಟವರ್‌ಗೆ ಡೀಸೆಲ್ ಮುಗಿದಿತ್ತು. ಕೆಲಸ, ಮಕ್ಕಳ ಶಾಲೆ ಎಲ್ಲ ಇಲ್ಲಿದೆ. ಬಂದುಬಿಡಿ ಅನ್ನೋದು ಉತ್ತರ ಅಲ್ಲ ಅಣ್ಣ.

ತರೀಕೆರೆ ತಿಪ್ಪೇಶಿ:
ಬೇಜಾರಾಗಿದ್ದರೆ ಕ್ಷಮಿಸಿ ಸಿಸ್ಟರ್. ನನ್ನ ಮಗನೂ ಹೊರಗಿದ್ದಾನೆ. ಆ ಸಂಕಟಕ್ಕೆ ಬರೆದೆ.

ಕೊಪ್ಪದ ಅಮ್ಮ:
ನಾನು ತಾಯಿ ಕಡೆಯಿಂದ ಹೇಳ್ತೀನಿ ಮಗಳೇ. ನನ್ನ ಮಗ ಸೊಸೆ ಲಿಮೆರಿಕ್ ಹತ್ತಿರ ಇದ್ದಾರೆ. ಆ ಶುಕ್ರವಾರ ನಾನೂ ದೀಪ ಹಚ್ಚಿಟ್ಟು ಫೋನ್ ಮುಂದೆ ಕೂತಿದ್ದೆ. ಅವರಿಗೆ ಬೆಳಗಿನ ಜಾವ ಐದು ಅಂದರೆ ನಮಗೆ ಹತ್ತೂವರೆ. ಗಾಳಿ ಜೋರಾಗಿದ್ದ ಹೊತ್ತಲ್ಲಿ ನಾನು ಎಚ್ಚರ ಇದ್ದೆ, ಅವರೂ ಎಚ್ಚರ ಇದ್ದರು, ಮಾತು ಮಾತ್ರ ಇಲ್ಲ. ಟಿವಿಯವರು ಒಂದೇ ಮರ ಬೀಳೋದನ್ನು ಹತ್ತು ಸಲ ತೋರಿಸಿದರು. ಡೊನೆಗಾಲ್ ಕಡೆ ಕಾರಿನ ಮೇಲೆ ಮರ ಬಿದ್ದು ಒಬ್ಬ ಹುಡುಗ ತೀರಿಕೊಂಡ ಅಂತ ಬಂತು. ಹೆಸರು ಬರುವವರೆಗೆ ನನ್ನ ಜೀವ ಜೀವದಲ್ಲಿ ಇರಲಿಲ್ಲ. ಡೊನೆಗಾಲ್ ಎಲ್ಲಿ, ಲಿಮೆರಿಕ್ ಎಲ್ಲಿ ಅಂತ ನನಗೇನು ಗೊತ್ತು?

ಆಮೇಲೆ ಮಗನ ಹತ್ತಿರ ಒಂದು ಮಾತು ಮಾಡಿಕೊಂಡೆ. ಗಾಳಿ ಶುರುವಾಗುವ ಮುಂಚೆ ಅವನು ಒಂದು ಮೆಸೇಜ್ ಹಾಕಬೇಕು: ಇಷ್ಟು ನೀರಿದೆ, ಇಷ್ಟು ಊಟ ಇದೆ, ಭಾನುವಾರ ಸಂಜೆವರೆಗೆ ಫೋನ್ ಬರಲಿಲ್ಲ ಅಂದರೂ ನಾವು ಮನೆಯಲ್ಲೇ ಇದ್ದೇವೆ. ಅದಕ್ಕೂ ಆಚೆ ಆದರೆ ಯಾರಿಗೆ ಕೇಳಬೇಕು ಅಂತ ಡಬ್ಲಿನ್‌ನಲ್ಲಿರುವ ಅವನ ಸ್ನೇಹಿತನ ನಂಬರ್ ನನ್ನ ಕ್ಯಾಲೆಂಡರ್ ಹಿಂದೆ ಬರೆದಿದೆ. ದಿನ ಹೇಳಿದರೆ ತಾಯಿಗೆ ಕಾಯೋಕೆ ಆಗುತ್ತೆ. ಏನೂ ಹೇಳದಿದ್ದರೆ ಒಂದು ಗಂಟೆಯೂ ಕಾಯೋಕೆ ಆಗಲ್ಲ.

ಬಾಳೂರು ಕಾಫಿ:
ಅಮ್ಮಾ, ಇದನ್ನು ನನ್ನ ಮಗಳಿಗೆ ಈಗಲೇ ಕಳಿಸಿದೆ. ಮೇಷ್ಟ್ರು ಹೇಳಿದ್ದೇ ಸರಿ, ನಾನು ಅಂದದ್ದು ತಪ್ಪು.

ಮೂಡಿಗೆರೆ ಮಗಳು:
ಓದಿ ಅತ್ತುಬಿಟ್ಟೆ ಅಮ್ಮ. ನಮ್ಮ ಮನೆಯಲ್ಲಿ ಆಗಿದ್ದೂ ಇದೇ.

ಹಾಸನ ಡಬ್ಲಿನ್:
ಈಗ ನನಗೆ ಗೊತ್ತಿರುವಷ್ಟು ಹೇಳ್ತೀನಿ. ಗಾಳಿ ನಿಂತ ಮೇಲೆ ಕೌನ್ಸಿಲ್‌ನವರು, ಊರಿನ ಜಿಎಎ ಆಟದ ಕ್ಲಬ್‌ಗಳವರು ಹಾಲ್ ತೆರೆದಿದ್ದರು. ಬಿಸಿನೀರು, ಸ್ನಾನ, ಫೋನ್ ಚಾರ್ಜಿಂಗ್ ಎಲ್ಲ ಇತ್ತು. ನಮ್ಮವರು ಸಂಕೋಚಕ್ಕೆ ಹೋಗಲಿಲ್ಲ. ಸಂಕೋಚ ಬೇಡ, ಅದು ಎಲ್ಲರಿಗೂ ಇರೋದು. ನಿಮ್ಮ ಮನೆಯ ಪಿನ್‌ಕೋಡ್, ಅಂದರೆ ಏಳು ಅಕ್ಷರ-ಅಂಕಿಯ ಎರ್‌ಕೋಡ್ ಅಮ್ಮನ ಪರ್ಸ್‌ನಲ್ಲಿ ಬರೆದಿಡಿ. ಆಂಬುಲೆನ್ಸ್‌ಗೆ 112 ಅಥವಾ 999. ಅಮ್ಮನಿಗೆ ಇಂಗ್ಲಿಷ್ ಬರದಿದ್ದರೂ ಆ ಚೀಟಿ ತೋರಿಸಿದರೆ ಸಾಕು, ಮನೆ ಗೊತ್ತಾಗುತ್ತೆ.

ಬರುವ ದಿನವೇ ಗಾಳಿ ಬಂದರೆ? ಏಯೋವಿನ್ ದಿನ ಡಬ್ಲಿನ್‌ನಲ್ಲಿ 200ಕ್ಕೂ ಜಾಸ್ತಿ ವಿಮಾನ ರದ್ದಾಗಿತ್ತು. ಯುರೋಪಿನಿಂದ ಹೊರಡುವ ವಿಮಾನ ರದ್ದಾದರೆ ಊಟ, ಉಳಿಯುವ ವ್ಯವಸ್ಥೆ ಏರ್‌ಲೈನ್‌ನವರೇ ಮಾಡಬೇಕು. ಹವಾಮಾನದ ಕಾರಣಕ್ಕೆ ಪರಿಹಾರದ ಹಣ ಮಾತ್ರ ಸಿಗಲ್ಲ. ಆದರೆ ಅಮ್ಮ ಕೊಲ್ಲಿ ದೇಶದ ವಿಮಾನದಲ್ಲಿ ಕೊಲ್ಲಿಯಿಂದ ಬರುವಾಗ ಈ ನಿಯಮ ಅನ್ವಯ ಆಗಲ್ಲ. ಅದಕ್ಕೆ ಟ್ರಾವೆಲ್ ಇನ್ಶೂರೆನ್ಸ್ ಮಾಡಿಸಿ. ಔಷಧಿ, ಇನ್‌ಹೇಲರ್ ಕೈಚೀಲದಲ್ಲೇ ಇರಲಿ.

ಸಕಲೇಶಪುರ ಘಾಟಿ:
ಅಮ್ಮನ ಜೊತೆ ಇಲ್ಲಿಂದ ಒಂದು ಎಮರ್ಜೆನ್ಸಿ ಲೈಟು, ದೊಡ್ಡ ಪವರ್ ಬ್ಯಾಂಕ್ ಕಳಿಸಬಹುದಲ್ವಾ? ಸೂಟ್‌ಕೇಸ್ ಅಡಿಗೆ ಇಟ್ಟರೆ ಆಯ್ತು.

ಹಾಸನ ಡಬ್ಲಿನ್:
ಸೂಟ್‌ಕೇಸ್‌ನಲ್ಲಿ ಪವರ್ ಬ್ಯಾಂಕ್ ಇಡಬಾರದು, ತೆಗೆಸುತ್ತಾರೆ. ಕೈಚೀಲದಲ್ಲೇ ಒಯ್ಯಬೇಕು, ಅದೂ 100 ವ್ಯಾಟ್ ಅವರ್ ಒಳಗೆ, ಅಂದರೆ ಹೆಚ್ಚುಕಡಿಮೆ 27,000 ಎಂಎಎಚ್. ಲೈಟ್ ಇಲ್ಲೇ ಸಿಗುತ್ತೆ, ಊರಿಂದ ಬೇಡ.

ಅರಕಲಗೂಡು ಸಿಸ್ಟರ್:
ಫ್ರಿಜ್ ಬಗ್ಗೆ ಯಾರೂ ಹೇಳಲಿಲ್ಲ. ಬಾಗಿಲು ತೆಗೆಯದಿದ್ದರೆ ಫ್ರಿಜ್ ನಾಲ್ಕು ಗಂಟೆ ತಡೆಯುತ್ತೆ. ತುಂಬಿದ ಫ್ರೀಜರ್ 48 ಗಂಟೆ, ಅರ್ಧ ತುಂಬಿದ್ದರೆ 24. ನಾವು ಇಡ್ಲಿ ಹಿಟ್ಟು, ಸಾರು, ಮೀನು ಎಲ್ಲ ಫ್ರೀಜರ್‌ನಲ್ಲೇ ಇಟ್ಟು ನಂಬಿಕೊಂಡಿರುತ್ತೇವೆ. ಅದೆಲ್ಲ ಮೂರನೇ ದಿನ ಕಸಕ್ಕೆ. ಒಂದು ವಾರ ಒಲೆ ಇಲ್ಲದೆ ತಿನ್ನೋದು ಬೇರೆಯೇ ಇರಬೇಕು.

ಕೊಪ್ಪದ ಅಮ್ಮ:
ಅವಲಕ್ಕಿಗೆ ಒಲೆ ಬೇಡ. ತಣ್ಣೀರಲ್ಲಿ ನೆನೆಸಿ, ಬೆಲ್ಲ, ಕಾಯಿತುರಿ ಕಲಸಿದರೆ ಆಯ್ತು.

ಆಲೂರು ಮೇಷ್ಟ್ರು:
ನಮ್ಮ ಹಾಸನದ ರಾಗಿ ಹುರಿಹಿಟ್ಟು ಮರೆತಿರಾ? ರಾಗಿ ಅರಳಿಸಿ ಬೀಸಿದ್ದು. ಮೊದಲೇ ಹುರಿದಿರುತ್ತೆ, ಬೇಯಿಸೋದೇ ಬೇಡ. ಎರಡು ಚಮಚ ಹುರಿಹಿಟ್ಟು, ಬೆಲ್ಲದ ಪುಡಿ, ಫ್ಲಾಸ್ಕಿನ ಬಿಸಿನೀರು ಅಥವಾ ಹಾಲು. ಉಂಡೆ ಕಟ್ಟಿದರೆ ಮಗು ಕೈಯಲ್ಲಿ ಹಿಡಿದು ತಿನ್ನುತ್ತೆ. ನಮ್ಮಪ್ಪ ಜಾನುವಾರು ಜಾತ್ರೆಗೆ ಎತ್ತು ಹೊಡೆದುಕೊಂಡು ನಾಲ್ಕು ದಿನ ನಡೆದು ಹೋಗುವಾಗ ಬುತ್ತಿ ಅಂದರೆ ಇದೇ. ತಿಂಗಳುಗಟ್ಟಲೆ ಕೆಡುವುದಿಲ್ಲ, ಡಬ್ಬ ಮಾತ್ರ ಒಣಗಿರಬೇಕು.

ಮೂಡಿಗೆರೆ ಮಗಳು:
ಮೇಷ್ಟ್ರೇ, ಇದು ನನಗೆ ಹೊಳೆದೇ ಇರಲಿಲ್ಲ. ನಮ್ಮ ಕಡೆ ಅಕ್ಕಿಯದ್ದೇ ಜಾಸ್ತಿ, ಹುರಿಹಿಟ್ಟು ಅಷ್ಟು ಇಲ್ಲ. ಅಮ್ಮನ ಜೊತೆ ತರಿಸಬಹುದಾ? ತುಪ್ಪ, ಒಣಮೀನು, ಕೆಸುವಿನ ಎಲೆ ಕೂಡ ತರ್ತೀನಿ ಅಂತ ಹಟ ಮಾಡ್ತಿದ್ದಾರೆ. ಪತ್ರೊಡೆ ಮಾಡಬೇಕಂತೆ.

ಹಾಸನ ಡಬ್ಲಿನ್:
ಹುರಿಹಿಟ್ಟು, ಅವಲಕ್ಕಿ, ಬೆಲ್ಲ, ಕಾಫಿಪುಡಿ ತರಬಹುದು. ತುಪ್ಪ ಆಗಲ್ಲ. ಯುರೋಪಿನ ಹೊರಗಿಂದ ಹಾಲಿನ ಪದಾರ್ಥ, ಮಾಂಸ ತರುವಂತಿಲ್ಲ. ಒಣಮೀನು ಆಗುತ್ತೆ, ಒಬ್ಬರಿಗೆ 20 ಕೆ.ಜಿ.ವರೆಗೆ. ಕೆಸುವಿನ ಎಲೆಗೆ ಸರ್ಟಿಫಿಕೇಟ್ ಬೇಕು, ಬಿಟ್ಟುಬಿಡಿ. ಅದು ಇಲ್ಲದೆ ತರಬಹುದಾದ ಹಣ್ಣು ಐದೇ: ಅನಾನಸು, ಬಾಳೆಹಣ್ಣು, ತೆಂಗಿನಕಾಯಿ, ಖರ್ಜೂರ, ದುರಿಯನ್. ಅವಲಕ್ಕಿಗೆ ಕಾಯಿ ಸಿಕ್ಕಿತಲ್ಲ, ಅಷ್ಟು ಸಾಕು.

ಕಡೂರು ಬಯಲು:
ಕಾಯಿ ನಮ್ಮ ಕಡೂರಿಂದ ಕಳಿಸ್ತೀನಿ ತಂಗಿ. ನಿಮ್ಮ ಅಣ್ಣನಿಗೆ ಹೇಳಿ, ಚಿಕ್ಕಮಗಳೂರಿಗೆ ಬಂದಾಗ ತಗೊಂಡು ಹೋಗಲಿ.

ಬಾಳೂರು ಕಾಫಿ:
ಒಲೆ ವಿಷಯ ಏನಾಯ್ತು?

ಮೂಡಿಗೆರೆ ಮಗಳು:
ಅದನ್ನೇ ಬರೆಯೋಣ ಅಂತಿದ್ದೆ. ಪಕ್ಕದ ಮನೆ ಅಜ್ಜನ ಮನೆಯಲ್ಲಿ ಚಿಮಣಿ ಇರುವ ಕಬ್ಬಿಣದ ಒಲೆ ಇದೆ. ಅದಕ್ಕೆ ಟರ್ಫ್ ಹಾಕುತ್ತಾರೆ. ಜೌಗು ನೆಲದಿಂದ ಇಟ್ಟಿಗೆ ಹಾಗೆ ಕತ್ತರಿಸಿ ಬೇಸಿಗೆಯಲ್ಲಿ ಒಣಗಿಸಿದ ಮಣ್ಣು ಅದು, ಸೌದೆ ಹಾಗೇ ಉರಿಯುತ್ತೆ. ಎರಡನೇ ದಿನ ಅವರೇ ಬಂದು ಬಾಗಿಲು ತಟ್ಟಿ ಮಗಳನ್ನು ಎತ್ತಿಕೊಂಡು ಹೋದರು. ಆ ಒಲೆ ಮೇಲೆ ಕೆಟಲ್ ಸದಾ ಕುದಿಯುತ್ತಿತ್ತು. ನಾನು ಅದರ ಪಕ್ಕದಲ್ಲೇ ಅನ್ನ ಬೇಳೆ ಇಟ್ಟೆ. ಅವರು ಬೇಳೆ ಸಾರು ಲೋಟದಲ್ಲಿ ಕುಡಿದು ಇನ್ನೊಂದು ಲೋಟ ಕೇಳಿದರು. ಉಳಿದ ಅಷ್ಟೂ ದಿನ ಊಟ ಅಲ್ಲೇ.

ನಮ್ಮ ಮನೆಯಲ್ಲೂ ಹಳೇ ಚಿಮಣಿ ಇದೆ, ಹಲಗೆ ಹೊಡೆದು ಮುಚ್ಚಿದ್ದಾರೆ. ಅದನ್ನು ತೆಗೆಸಿ, ಗುಡಿಸಿ, ಸಣ್ಣ ಒಲೆ ಕೂರಿಸಲು ಮನೆ ಓನರ್ ನಿನ್ನೆ ಒಪ್ಪಿದರು. ಅಲಾರಂ ಎರಡು ತಂದೆ. ಇಪ್ಪತ್ತು ಲೀಟರ್‌ನ ಐದು ಕ್ಯಾನ್ ತಂದೆ. ಕೊಪ್ಪದ ಅಮ್ಮ ಹೇಳಿದ ಮೆಸೇಜನ್ನು ಈಗಲೇ ಬರೆದಿಟ್ಟಿದ್ದೇನೆ, ದಿನ ಮಾತ್ರ ತುಂಬಬೇಕು. ಈ ಸಲ ಅಮ್ಮ ನನ್ನ ಜೊತೆ ಇರುತ್ತಾರೆ, ಅಲ್ಲಿ ಕಾಯುವವನು ಅಣ್ಣ. ಅವನಿಗೆ ಪಕ್ಕದ ಮನೆ ಅಜ್ಜನ ನಂಬರ್, ಅರಕಲಗೂಡು ಸಿಸ್ಟರ್ ನಂಬರ್ ಕೊಡ್ತೀನಿ. ಸಿಸ್ಟರ್, ಕೊಡಬಹುದಾ?

ಅರಕಲಗೂಡು ಸಿಸ್ಟರ್:
ಕೇಳಬೇಕಾ? ಮೆಸೇಜ್‌ನಲ್ಲಿ ಕಳಿಸ್ತೀನಿ ನೋಡು. ಕೆಂಡದ ಬೂದಿ ಎತ್ತಿ ಹಾಕೋಕೆ ಮುಚ್ಚಳ ಇರುವ ಕಬ್ಬಿಣದ ಬಕೆಟ್ ತಗೋ, ಪ್ಲಾಸ್ಟಿಕ್ ಬೇಡ.

ಲೈನ್ ಕೆಲಸದವನು:
ಟಾರ್ಚ್ ಮಂಚದ ಪಕ್ಕ ಇರಲಿ ತಂಗಿ. ಕತ್ತಲಲ್ಲಿ ಟಾರ್ಚ್ ಹುಡುಕಲು ಹೋಗಿ ಬೀಳುವವರೇ ಜಾಸ್ತಿ.

ಆಲೂರು ಮೇಷ್ಟ್ರು:
ಹುರಿಹಿಟ್ಟು ನಮ್ಮ ಮನೆಯಿಂದಲೇ ಕಳಿಸ್ತೀವಿ. ನಮ್ಮವಳು ಈಗಲೇ ರಾಗಿ ಅಳೆದು ತೊಳೆಯೋಕೆ ಹಾಕಿದ್ದಾಳೆ. ಎರಡು ಕೆ.ಜಿ. ಸಾಕಾ, ಮೂರು ಇರಲಾ?

ಮೂಡಿಗೆರೆ ಮಗಳು:
ಮೂರು ಇರಲಿ ಮೇಷ್ಟ್ರೇ. ಪಕ್ಕದ ಮನೆ ಅಜ್ಜನಿಗೂ ಕೊಡಬೇಕು.